ಮೂರನೇ ಲೇನಿನ ಅಜ್ಜಿ

ಈಜುಕೊಳದ ಮೂರನೇ ಲೇನಿನಲ್ಲಿ ಯಾರೋ ನನ್ನ ಪಾದ ಮುಟ್ಟಿದರು. ಕೈ ತಗುಲಿರಬೇಕು ಎಂದುಕೊಂಡೆ. ಹತ್ತು ಗಜ ಹೋಗುವಷ್ಟರಲ್ಲಿ ಮತ್ತೆ ಮುಟ್ಟಿದರು. ಈ ಸಲ ಬೆರಳ ತುದಿಯಿಂದ ಸ್ಪಷ್ಟವಾಗಿ ಎರಡು ಬಾರಿ ತಟ್ಟಿದರು. ಗೋಡೆ ಸೇರಿ ತಿರುಗಿ ನೋಡಿದರೆ, ಎಪ್ಪತ್ತು ದಾಟಿದ ಹೆಂಗಸು. ನನ್ನ ತಾಯಿಯ ವಯಸ್ಸಿನವರು. ನಾನು ನೀರಿನಲ್ಲೇ ಕೈ ಮುಗಿಯುವುದೊಂದು ಬಾಕಿ. ಆಕೆ ನನ್ನ ಮುಖವನ್ನೂ ನೋಡದೆ ಗೋಡೆ ಒದ್ದು ಹೊರಟೇಬಿಟ್ಟರು. ಪಾದ ತಟ್ಟಿದರೆ ‘ನಾನು ಮುಂದೆ ಹೋಗಬೇಕು, ಗೋಡೆಯ ಬಳಿ ದಾರಿ ಬಿಡು’ ಎಂದು ಅರ್ಥ ಎಂಬುದನ್ನು ಪಕ್ಕದವರು ಆಮೇಲೆ ಹೇಳಿದರು. ಹಿರಿಯರ ಕಾಲು ಮುಟ್ಟಿ ನಮಸ್ಕಾರ ಮಾಡಿ ಬೆಳೆದವನ ಕಾಲನ್ನು ಹಿರಿಯರೇ ಮುಟ್ಟಿ ‘ಸರಿ ಆಚೆ’ ಎಂದದ್ದು ಅದೇ ಮೊದಲು.

ಅಮೆರಿಕಕ್ಕೆ ಬಂದು ಹನ್ನೊಂದು ವರ್ಷವಾಯಿತು. ದೊಡ್ಡವರ ಈಜು ತಂಡ ಸೇರಿದ್ದು ಎರಡು ವರ್ಷದ ಹಿಂದೆ, ನಲವತ್ತೇಳನೆಯ ವಯಸ್ಸಿನಲ್ಲಿ. ಇಲ್ಲಿ ಇದಕ್ಕೆ ‘ಮಾಸ್ಟರ್ಸ್’ ಎನ್ನುತ್ತಾರೆ. ಆ ಹೆಸರು ಕೇಳಿ, ಇದು ಪದಕ ಗೆದ್ದವರ ಕೂಟವಿರಬೇಕು ಎಂದು ಹೆದರಿ ಆರು ತಿಂಗಳು ಮುಂದೂಡಿದ್ದೆ. ಹದಿನೆಂಟು ತುಂಬಿದವರು ಯಾರಾದರೂ ಸೇರಬಹುದು, ಅಷ್ಟೇ. ಇದನ್ನು ಶುರು ಮಾಡಿಸಿದವರಲ್ಲಿ ಮುಖ್ಯರು ರ‍್ಯಾನ್ಸಮ್ ಆರ್ಥರ್ ಎಂಬ ನೌಕಾಪಡೆಯ ವೈದ್ಯ. ದೊಡ್ಡವರಿಗೂ ಸ್ಪರ್ಧೆಯೆಂಬ ನೆಪವಿದ್ದರೆ ಅವರು ಈಜು ಬಿಡುವುದಿಲ್ಲ, ಮೈ ಗಟ್ಟಿಯಾಗಿರುತ್ತದೆ ಎಂಬುದು ಅವರ ಲೆಕ್ಕಾಚಾರ. 1970ರಲ್ಲಿ ಟೆಕ್ಸಾಸಿನ ಅಮರಿಲೊದಲ್ಲಿ ಮೊದಲ ರಾಷ್ಟ್ರೀಯ ಕೂಟ ನಡೆಯಿತು.

ಸೇರುವ ಮೊದಲು ಯಾರಾದರೂ ಕೇಳಿದ್ದರೆ ‘ನನಗೆ ಈಜು ಬರುತ್ತದೆ’ ಎನ್ನುತ್ತಿದ್ದೆ. ನಮ್ಮ ಭಾಷೆಯಲ್ಲಿ ವಿದ್ಯೆ ಬರುತ್ತದೆ, ಇಲ್ಲವೇ ಬರುವುದಿಲ್ಲ. ಒಮ್ಮೆ ಬಂದರೆ ಬಂದಂತೆ, ಮತ್ತೆ ಆ ಮಾತೇ ಇಲ್ಲ. ಸಂಗೀತದ ವಿಷಯದಲ್ಲಿ ನಾವು ಹೀಗಿಲ್ಲ. ನಲವತ್ತು ವರ್ಷ ಹಾಡಿದವರೂ ಬೆಳಿಗ್ಗೆ ಎದ್ದು ಸಾಧನೆ ಮಾಡುತ್ತಾರೆ, ಅದು ನಮಗೆ ಸಹಜವಾಗಿಯೇ ಕಾಣುತ್ತದೆ. ಮೈಗೆ ಸಂಬಂಧಿಸಿದ ವಿದ್ಯೆಗೆ ಮಾತ್ರ ಆ ಗೌರವವಿಲ್ಲ. ಮುಳುಗದಿದ್ದರೆ ಆಯಿತು, ಈಜು ಬಂದಂತೆ.

ನನಗೆ ಬರುತ್ತಿದ್ದ ಈಜು ಎಂಥದ್ದೆಂದು ಮೊದಲ ದಿನವೇ ಗೊತ್ತಾಯಿತು. ನಾಲ್ಕು ಸುತ್ತಿಗೆ ಏದುಸಿರು. ಕೋಚ್ ದಡದ ಮೇಲೆ ಮಂಡಿಯೂರಿ ಕುಳಿತು ಎರಡೇ ಮಾತು ಹೇಳಿದರು. ತಲೆ ಎತ್ತಿದಷ್ಟೂ ಸೊಂಟ ಮುಳುಗುತ್ತದೆ, ಆದ್ದರಿಂದ ಕೊಳದ ತಳ ನೋಡು. ಉಸಿರು ಹಿಡಿಯಬೇಡ, ಮುಖ ನೀರಿನಲ್ಲಿರುವಾಗಲೇ ಗುಳ್ಳೆಯಾಗಿ ಬಿಡುತ್ತಿರು. ನಾನು ಮುಖ ಮೇಲೆತ್ತಿದ ಆ ಅರೆಗಳಿಗೆಯಲ್ಲೇ ಹಳೆಯ ಉಸಿರು ಬಿಟ್ಟು ಹೊಸದನ್ನು ಎಳೆಯಲು ಹೆಣಗುತ್ತಿದ್ದೆ. ದಣಿವೆಂದು ನಾನು ಅಂದುಕೊಂಡಿದ್ದರಲ್ಲಿ ಮುಕ್ಕಾಲು ಪಾಲು ಹೊರಗೆ ಹೋಗದ ಉಸಿರಿನ ಕಾಟ. ಒಂಟಿಯಾಗಿ ಇನ್ನೂ ಇಪ್ಪತ್ತು ವರ್ಷ ಈಜಿದ್ದರೂ ಇದು ನನಗೆ ತಿಳಿಯುತ್ತಿರಲಿಲ್ಲ. ನೀರಿನಲ್ಲಿ ತನ್ನ ಸೊಂಟ ಎಲ್ಲಿದೆಯೆಂದು ಯಾರಿಗೂ ಕಾಣುವುದಿಲ್ಲ.

ಗುಂಪಿನ ಈಜು ನಡೆಯುವುದು ಗಡಿಯಾರದ ಮೇಲೆ. ಗೋಡೆಯ ಮೇಲೊಂದು ದೊಡ್ಡ ಗಡಿಯಾರ, ಅದರಲ್ಲಿ ಕೆಂಪು ಸೆಕೆಂಡ್ ಮುಳ್ಳು. ‘ಹತ್ತು ನೂರು, ಎರಡು ನಿಮಿಷಕ್ಕೆ’ ಎಂದರೆ ನೂರು ಗಜದ ಈಜು ಹತ್ತು ಸಲ, ಎರಡು ನಿಮಿಷಕ್ಕೊಮ್ಮೆ ಹೊರಡಬೇಕು. ಒಂದು ನಿಮಿಷ ನಲವತ್ತೈದು ಸೆಕೆಂಡಿಗೆ ಮುಗಿಸಿದರೆ ಹದಿನೈದು ಸೆಕೆಂಡ್ ವಿರಾಮ. ನಿಧಾನಿಸಿದರೆ ವಿರಾಮದಿಂದಲೇ ಕಡಿತ. ಒಬ್ಬನೇ ಇದ್ದಾಗ ನಾನು ಆರನೆಯ ನೂರಕ್ಕೆ ಕನ್ನಡಕ ತೆಗೆದು ಒರೆಸುತ್ತಿದ್ದೆ, ಏಳನೆಯದಕ್ಕೆ ನೀರು ಕುಡಿಯುತ್ತಿದ್ದೆ, ಎಂಟನೆಯದು ನಾಳೆಗೆ. ಇಲ್ಲಿ ಐದು ಸೆಕೆಂಡ್ ಹಿಂದೆ ಇನ್ನೊಬ್ಬರು ಹೊರಡಲು ಕಾದಿರುತ್ತಾರೆ, ಕನ್ನಡಕ ಒರೆಸುವಂತಿಲ್ಲ. ಒಂದೇ ಲೇನಿನಲ್ಲಿ ಐದಾರು ಜನ, ತಳದ ಕಪ್ಪು ಗೆರೆಯ ಬಲಕ್ಕೆ ಹೋಗಿ ಅದರ ಇನ್ನೊಂದು ಬದಿಯಿಂದ ಮರಳಬೇಕು. ರಸ್ತೆಯ ಎಡಕ್ಕೆ ಪಳಗಿದ ಮೈ ಒಂದು ವಾರ ಎದುರಿನವರ ತಲೆಗೆ ಢಿಕ್ಕಿ ಹೊಡೆಯಿತು. ಮುಂದಿನವರು ಸೀಳಿದ ನೀರಿನಲ್ಲಿ ಹಿಂದಿನವರಿಗೆ ಶ್ರಮ ಕಡಿಮೆ. ಆದರೆ ಅದರ ಸುಖಕ್ಕೆ ಅವರ ಕಾಲಿಗೇ ಅಂಟಿಕೊಂಡು ಹೋಗುವುದು ಕೆಟ್ಟ ನಡತೆ.

ಲೇನಿನಲ್ಲಿ ಮೊದಲು ಹೊರಡುವವರು ಯಾರು ಎಂಬುದನ್ನು ವೇಗ ತೀರ್ಮಾನಿಸುತ್ತದೆ. ವಯಸ್ಸಾಗಲಿ, ಹುದ್ದೆಯಾಗಲಿ, ಗಂಡಸು ಹೆಂಗಸೆಂಬುದಾಗಲಿ ಅಲ್ಲಿ ಲೆಕ್ಕಕ್ಕಿಲ್ಲ. ಇದು ನನಗೆ ಬೇಗ ಒಗ್ಗಲಿಲ್ಲ. ಹೊಸಬರೊಡನೆ ಮಾತಿಗೆ ಇಳಿದ ಐದು ನಿಮಿಷದಲ್ಲಿ ಯಾರು ದೊಡ್ಡವರು, ಯಾರಿಗೆ ‘ನೀವು’, ಯಾರಿಗೆ ‘ನೀನು’ ಎಂದು ಅಳೆದು ಮುಗಿಸುವ ಜನ ನಾವು. ಎರಡು ತಿಂಗಳು ನಾನು ಅಜ್ಜಿಗೆ ‘ಮೊದಲು ನೀವು’ ಎಂದು ಮರ್ಯಾದೆಯಿಂದ ದಾರಿ ಬಿಟ್ಟೆ. ನಿಜವೇನೆಂದರೆ ಅದು ಮರ್ಯಾದೆಯಾಗಿರಲಿಲ್ಲ, ಆಕೆ ನನಗಿಂತ ವೇಗವಾಗಿದ್ದರು.

ವಯಸ್ಸಿನ ಲೆಕ್ಕವೂ ಇಲ್ಲಿ ತಲೆಕೆಳಗು. ಸ್ಪರ್ಧೆಗಳು ಐದೈದು ವರ್ಷದ ವರ್ಗಗಳಲ್ಲಿ ನಡೆಯುತ್ತವೆ. ನಾವು ಐವತ್ತು ತುಂಬಿದ್ದನ್ನು ಮೆತ್ತಗೆ ಮುಚ್ಚಿಡುತ್ತೇವೆ. ಇವರು ಅದಕ್ಕಾಗಿ ಕಾಯುತ್ತಾರೆ, ಏಕೆಂದರೆ ನಲವತ್ತೊಂಬತ್ತರ ಮುದುಕ ಮರುವರ್ಷ ಐವತ್ತರ ವರ್ಗದಲ್ಲಿ ಹುಡುಗ. ಮೀಟರ್ ಅಳತೆಯ ಕೊಳದ ರಿಲೇಯಲ್ಲಿ ನಾಲ್ವರ ವಯಸ್ಸನ್ನೂ ಕೂಡಿ ವರ್ಗ ಹಾಕುತ್ತಾರೆ. ಒಮ್ಮೆ 240ರ ವರ್ಗಕ್ಕೆ ಹದಿನಾಲ್ಕು ವರ್ಷ ಸಾಲದೆ ತಂಡದವರು ನನ್ನನ್ನು ಬಿಟ್ಟು ಅರವತ್ತೆರಡರವರನ್ನು ಹಾಕಿಕೊಂಡರು. ವಯಸ್ಸು ಸಾಲದೆಂದು ಯಾರಾದರೂ ನನ್ನನ್ನು ಕೈಬಿಟ್ಟು ಮೂವತ್ತು ವರ್ಷವಾಗಿತ್ತು. ಆಸ್ಟ್ರೇಲಿಯಾದ ಜಾರ್ಜ್ ಕೊರೊನೆಸ್ 2018ರ ಫೆಬ್ರವರಿಯಲ್ಲಿ 50 ಮೀಟರ್ ಫ್ರೀಸ್ಟೈಲನ್ನು 56.12 ಸೆಕೆಂಡಿಗೆ ಈಜಿ 100ರಿಂದ 104ರ ವರ್ಗದ ವಿಶ್ವದಾಖಲೆ ಮಾಡಿದರು. ಆಗ ಅವರಿಗೆ ಇನ್ನೂ ತೊಂಬತ್ತೊಂಬತ್ತು. ವರ್ಷದ ಕೊನೆಗೆ ಎಷ್ಟಾಗುತ್ತದೆ ಎಂಬುದೇ ಲೆಕ್ಕ. ಯುದ್ಧದ ಕಾಲದಲ್ಲಿ ಬಿಟ್ಟಿದ್ದ ಈಜಿಗೆ ಅವರು ಮರಳಿದ್ದೇ ಎಂಬತ್ತರಲ್ಲಿ.

ಎಲ್ಲವೂ ಚೆನ್ನ ಎಂದು ಹೇಳಲಾರೆ. ಬೆಳಗಿನ ಐದೂವರೆಯ ನೀರಿಗೆ ಇಳಿಯುವುದು ಇಂದಿಗೂ ಶಿಕ್ಷೆಯೇ. ತೂಕ ಎರಡು ಕಿಲೋ ಕೂಡ ಇಳಿಯಲಿಲ್ಲ, ಹಸಿವು ಮಾತ್ರ ಏರಿತು. ಬಲ ಭುಜ ಒಮ್ಮೊಮ್ಮೆ ನೋಯುತ್ತದೆ. ಇನ್ನು ಮಾತು. ಇವರು ಊರು ಕೇಳುವುದಿಲ್ಲ, ಕೆಲಸ ಕೇಳುವುದಿಲ್ಲ, ಮಕ್ಕಳೆಷ್ಟು ಎಂದಂತೂ ಕೇಳುವುದೇ ಇಲ್ಲ. ಟೋಪಿ, ಕನ್ನಡಕ ತೆಗೆದು ಬಟ್ಟೆ ಹಾಕಿಕೊಂಡ ಮೇಲೆ ಲಿಫ್ಟಿನಲ್ಲಿ ಎದುರಾದರೆ ಪರಸ್ಪರ ಗುರುತೇ ಸಿಗುವುದಿಲ್ಲ. ಇದೆಂಥ ಒಣ ಸ್ನೇಹ ಎಂದು ನೊಂದುಕೊಂಡದ್ದುಂಟು. ಆದರೆ ಜ್ವರ ಬಂದು ಎಂಟು ದಿನ ಹೋಗದಿದ್ದಾಗ ಮೊಬೈಲಿಗೆ ಅಜ್ಜಿಯ ಸಂದೇಶ ಬಂತು. ‘ಎಲ್ಲಿದ್ದೀಯ? ಈಗ ನನ್ನ ಹಿಂದೆ ಬರುವವನು ಕಾಲು ಬಿಡುತ್ತಲೇ ಇಲ್ಲ.’ ಕ್ಷೇಮ ವಿಚಾರಿಸುವುದರಲ್ಲಿ ನಾವೇ ಮುಂದು ಎಂಬ ನನ್ನ ಹೆಮ್ಮೆ ಅಂದು ಸ್ವಲ್ಪ ಇಳಿಯಿತು.

ನನ್ನ ತಕರಾರು ನಮ್ಮವರ ಮೇಲೆ. ಶನಿವಾರ ಕೊಳದ ಆ ತುದಿಯಲ್ಲಿ ಮಕ್ಕಳ ತರಗತಿ ನಡೆಯುತ್ತದೆ. ದಡದ ಬೆಂಚಿನ ಮೇಲೆ ಸಾಲಾಗಿ ಅಪ್ಪ ಅಮ್ಮಂದಿರು, ಕೈಯಲ್ಲಿ ಮೊಬೈಲ್, ಮಡಿಲಲ್ಲಿ ಟವೆಲ್. ಮಕ್ಕಳ ಬಟರ್‌ಫ್ಲೈ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವ ಇವರು ತಮ್ಮ ಬೆನ್ನುನೋವನ್ನು ಬೆಂಚಿಗೆ ಒರಗಿಸಿ ಕುಳಿತಿರುತ್ತಾರೆ. ನಾನೂ ಅದೇ ಬೆಂಚಿನ ಮೇಲೆ ನಾಲ್ಕು ವರ್ಷ ಕುಳಿತಿದ್ದವನು.

ಕಳೆದ ಶನಿವಾರ ಅವರಲ್ಲೊಬ್ಬರು ನನ್ನ ಕನ್ನಡ ಕೇಳಿ ದಡದ ತನಕ ಬಂದರು. ಮಗಳಿಗೆ ಯಾವ ಕೋಚ್ ಒಳ್ಳೆಯವರು ಎಂದು ವಿಚಾರಿಸಿದರು. ಹೇಳಿದೆ. ನಮ್ಮ ಲೇನಿನಲ್ಲಿ ಒಂದು ಜಾಗ ಖಾಲಿಯಿದೆ, ನೀವೂ ಬನ್ನಿ ಎಂದೆ.

‘ಅಯ್ಯೋ, ನನಗೆ ಈಜು ಬರುತ್ತದೆ ಸಾರ್’ ಎಂದರು.

ಉತ್ತರ ಹೇಳೋಣವೆಂದರೆ ಕೆಂಪು ಮುಳ್ಳು ಅರವತ್ತನ್ನು ಮುಟ್ಟುತ್ತಿತ್ತು. ಅಜ್ಜಿ ಹೊರಟು ಐದು ಸೆಕೆಂಡ್ ಆಗಿತ್ತು.