ಶೇಕಡಾ ಎಷ್ಟಾಯ್ತು ಸಾರ್?

ಮತದಾನ ಶುರುವಾಗುವುದು ಬೆಳಗ್ಗೆ ಏಳಕ್ಕೆ. ವಿಶ್ಲೇಷಣೆ ಶುರುವಾಗುವುದು ಆರೂವರೆಗೆ. ಮತಗಟ್ಟೆ ಸಿಬ್ಬಂದಿ ಪಾಪ, ಬೆಳಕು ಹರಿಯುವ ಮೊದಲೇ ಎದ್ದು, ಏಜೆಂಟರ ಎದುರಿಗೆ ಕನಿಷ್ಠ 50 ಓಟು ಒತ್ತಿಸಿ ಅಣಕು ಮತದಾನ ಮುಗಿಸಿ, ಅದನ್ನೆಲ್ಲ ಅಳಿಸಿ ಯಂತ್ರವನ್ನು ಸೊನ್ನೆಗೆ ತಂದು ಕೂತಿರುತ್ತಾರೆ. ಸ್ಟುಡಿಯೋದಲ್ಲಿ ಕೂತವರಿಗೆ ಆ ಸೊನ್ನೆಯೂ ಸಾಕು. ‘ಇನ್ನೇನು ಕೆಲವೇ ಕ್ಷಣಗಳಲ್ಲಿ’ ಅಂತ ಶುರು ಮಾಡಿದರೆ, ಅಣಕಿಗೂ ಅಸಲಿಗೂ ವ್ಯತ್ಯಾಸ ಸಂಜೆವರೆಗೂ ಗೊತ್ತಾಗುವುದಿಲ್ಲ.

ಆಮೇಲೆ ಬರುತ್ತದೆ ನೋಡಿ ಶೇಕಡಾವಾರು. ಒಂಬತ್ತು, ಹನ್ನೊಂದು, ಒಂದು, ಮೂರು, ಐದು. ಚುನಾವಣಾ ಆಯೋಗ ಎರಡೆರಡು ಗಂಟೆಗೊಮ್ಮೆ ಒಂದು ಅಂದಾಜು ಅಂಕಿ ಬಿಡುತ್ತದೆ. ಎಷ್ಟು ಜನ ಬಂದರು ಅನ್ನುವುದನ್ನು ಬಿಟ್ಟರೆ ಆ ಅಂಕಿಯಲ್ಲಿ ಬೇರೇನೂ ಇಲ್ಲ. ಯಾರು ಬಂದರು, ಯಾಕೆ ಬಂದರು, ಒಳಗೆ ಹೋಗಿ ಯಾವ ಗುಂಡಿ ಒತ್ತಿದರು, ಯಾವುದೂ ಇಲ್ಲ. ಆದರೂ 2024ರ ಏಪ್ರಿಲ್ 26ರಂದು ರಾಜ್ಯದ 14 ಕ್ಷೇತ್ರಗಳಲ್ಲಿ ಲೋಕಸಭೆಗೆ ಓಟು ನಡೆದಾಗ, ಒಂಬತ್ತು ಗಂಟೆಯ ಆ ಒಂದಂಕಿಯನ್ನು ಹಿಡಿದೇ ದೆಹಲಿಯಲ್ಲಿ ಸರ್ಕಾರ ಯಾರದ್ದು ಅನ್ನುವ ಚರ್ಚೆ ಶುರುವಾಗಿತ್ತು.

ಚರ್ಚೆಯ ರೀತಿ ನಿಮಗೂ ಗೊತ್ತು. ನಾಲ್ಕು ಚೌಕ, ನಾಲ್ಕು ಮುಖ, ಮಧ್ಯೆ ಬೆಂಕಿ ಉಗುಳುವ ಗ್ರಾಫಿಕ್ಸ್. ನಿರೂಪಕರು ಅಂಕಿ ಓದುತ್ತಾರೆ. ಮೊದಲ ಚೌಕದವರು ಹೇಳುತ್ತಾರೆ: ‘ಬೆಳಗ್ಗೆಯೇ ಇಷ್ಟು ಬಿರುಸಾಗಿದೆ ಅಂದ್ರೆ ಜನ ಸಿಟ್ಟಾಗಿದ್ದಾರೆ. ಇದು ಆಡಳಿತ ವಿರೋಧಿ ಅಲೆ.’ ಎರಡನೇ ಚೌಕದವರು ತಲೆ ಅಲ್ಲಾಡಿಸುತ್ತಾರೆ: ‘ಸಿಟ್ಟಾದವರು ಮನೇಲಿರ್ತಾರೆ. ಇಷ್ಟೊಂದು ಜನ ಬಂದಿದ್ದಾರೆ ಅಂದ್ರೆ ಸಂತೋಷವಾಗಿದ್ದಾರೆ.’ ಮೂರನೆಯವರು ರಾಜಕೀಯ ವಿಶ್ಲೇಷಕರು. ಚುನಾವಣೆ ಇಲ್ಲದ ದಿನಗಳಲ್ಲಿ ಅವರ ಉದ್ಯೋಗ ಏನು ಅಂತ ಯಾರೂ ಕೇಳಿದ್ದಿಲ್ಲ. ಅವರು ಕಣ್ಣು ಕಿರಿದು ಮಾಡಿ ‘ಅಂಡರ್ ಕರೆಂಟ್ ಇದೆ’ ಅನ್ನುತ್ತಾರೆ. ಯಾವ ಕಡೆಗೆ ಅಂತ ಕೇಳಿದರೆ, ‘ಅಂಡರ್ ಅಲ್ವಾ, ಕಾಣೋದಿಲ್ಲ.’ ನಾಲ್ಕನೆಯವರ ಮೈಕ್ ಮ್ಯೂಟ್ ಆಗಿದೆ. ಅವತ್ತಿನ ಮಟ್ಟಿಗೆ ತಪ್ಪು ಮಾತಾಡದ ಒಬ್ಬರೇ ವ್ಯಕ್ತಿ ಅವರು.

ಮಧ್ಯಾಹ್ನ ಒಂದಕ್ಕೆ ಅಂಕಿ ಏರದಿದ್ದರೆ ಬಿಸಿಲು ಕಾರಣ. ಮೂರಕ್ಕೆ ಏರಿದರೆ ಬಿಸಿಲನ್ನೂ ಲೆಕ್ಕಿಸದ ಮತದಾರ ಪ್ರಭು ಕಾರಣ. ಮೋಡ ಕವಿದರೆ ಅದು ಒಂದು ಪಕ್ಷಕ್ಕೆ ಅನುಕೂಲ, ಹನಿ ಬಿದ್ದರೆ ಇನ್ನೊಂದಕ್ಕೆ. ಹವಾಮಾನ ಇಲಾಖೆಯವರು ಮಳೆ ಬರುತ್ತದೋ ಇಲ್ಲವೋ ಅಂತ ಹೇಳಲು ಇನ್ನೂ ಪರದಾಡುತ್ತಾರೆ. ಮಳೆ ಯಾವ ಪಕ್ಷದ್ದು ಅಂತ ನಮ್ಮವರು ಆಗಲೇ ಹೇಳಿಬಿಟ್ಟಿರುತ್ತಾರೆ.

ಸರಿ, ಇವರ ಲೆಕ್ಕವನ್ನೇ ಒಮ್ಮೆ ತೆಗೆದು ನೋಡೋಣ. ವಿಧಾನಸಭೆಗೆ 2013ರಲ್ಲಿ ಶೇ. 71 ಚಿಲ್ಲರೆ ಓಟು ಬಿತ್ತು, ಕಾಂಗ್ರೆಸ್‌ಗೆ 122 ಸೀಟು. 2018ರಲ್ಲಿ ಶೇ. 72 ಚಿಲ್ಲರೆ, ಯಾರಿಗೂ ಬಹುಮತ ಇಲ್ಲ, ಬಿಜೆಪಿ 104ಕ್ಕೆ ನಿಂತಿತು. 2023ರಲ್ಲಿ ಶೇ. 73 ದಾಟಿತು, ಕಾಂಗ್ರೆಸ್‌ಗೆ 135. ‘ನೋಡಿದ್ರಾ, ಓಟು ಏರಿದಾಗೆಲ್ಲ ಆಡಳಿತ ಪಕ್ಷಕ್ಕೆ ಏಟು’ ಅಂತ ಒಂದನೇ ಚೌಕದವರು ಕುರ್ಚಿಯಿಂದ ಏಳಬಹುದು. ಕೂತ್ಕೊಳ್ಳಿ ಸ್ವಾಮಿ. 2004ರಲ್ಲಿ ಓಟು 1999ಕ್ಕಿಂತ ಇಳಿದಿತ್ತು, ಆಗಲೂ ಆಡಳಿತ ಪಕ್ಷ ಅಧಿಕಾರಕ್ಕೆ ಬೇಕಾದ ಸೀಟು ಕಳೆದುಕೊಂಡಿತು. ಈ ರಾಜ್ಯದಲ್ಲಿ 1985ರ ನಂತರ ಯಾವ ಆಡಳಿತ ಪಕ್ಷವೂ ವಿಧಾನಸಭೆ ಚುನಾವಣೆ ಗೆದ್ದು ಮತ್ತೆ ಕುರ್ಚಿ ಹಿಡಿದಿಲ್ಲ. ಏರಿದರೂ ಏಟು, ಇಳಿದರೂ ಏಟು. ಇದಕ್ಕೆ ಗ್ರಾಫಿಕ್ಸ್ ಬೇಕಾ?

ಮಂಡ್ಯ ಇನ್ನೂ ಚೆನ್ನಾಗಿದೆ. ಲೋಕಸಭೆಗೆ 2019ರಲ್ಲಿ ಅಲ್ಲಿ ಶೇ. 80 ದಾಟಿ ಓಟು ಬಿತ್ತು. ಪಕ್ಷೇತರರಾಗಿ ನಿಂತ ಸುಮಲತಾ ಗೆದ್ದರು, ಜೆಡಿಎಸ್ ಸೋತಿತು. 2024ರಲ್ಲಿ ಶೇ. 81 ದಾಟಿತು. ಜೆಡಿಎಸ್‌ನ ಕುಮಾರಸ್ವಾಮಿ ಗೆದ್ದರು. ಅದೇ ಊರು, ಅದೇ ಬಿಸಿಲು, ಹೆಚ್ಚುಕಮ್ಮಿ ಅದೇ ಅಂಕಿ, ಫಲಿತಾಂಶ ಮಾತ್ರ ಉಲ್ಟಾ. ಎರಡೂ ಸಲ ‘ಮಂಡ್ಯದ ದಾಖಲೆ ಮತದಾನ ಏನು ಹೇಳುತ್ತದೆ?’ ಅಂತ ಚರ್ಚೆ ನಡೆಯಿತು. ಮಂಡ್ಯದ ಜನ ಓಟು ಹಾಕುತ್ತಾರೆ ಅಂತ ಹೇಳುತ್ತದೆ. ಅಷ್ಟೇ.

ಆದರೆ ನಮ್ಮ ಮಾಧ್ಯಮಗಳಿಗೆ ನಿಜವಾದ ಹಬ್ಬ ಬೆಂಗಳೂರು. ರಾಜ್ಯದ ಬೇರೆಲ್ಲ ಕಡೆ ಓಟು ಸುದ್ದಿ, ಬೆಂಗಳೂರಲ್ಲಿ ಓಟು ಹಾಕದವರು ಸುದ್ದಿ. 2023ರಲ್ಲಿ ಆಯೋಗ ಬಹಳ ತಲೆ ಓಡಿಸಿ ಬುಧವಾರ ಮತದಾನ ಇಟ್ಟಿತು. ಸೋಮವಾರ ಇಟ್ಟರೆ ಶನಿವಾರ, ಭಾನುವಾರ ಸೇರಿಸಿಕೊಂಡು ಟ್ರಿಪ್ ಹೋಗುತ್ತಾರೆ, ಮಂಗಳವಾರ ಇಟ್ಟರೆ ಒಂದು ರಜೆ ಹಾಕಿದರೆ ಸಾಕು, ಬುಧವಾರವಾದರೆ ಎರಡು ರಜೆ ಬೇಕು ಅನ್ನುವುದು ಲೆಕ್ಕ. ಮುಖ್ಯ ಚುನಾವಣಾ ಆಯುಕ್ತರೇ ದಿನಾಂಕ ಪ್ರಕಟಿಸುವಾಗ ಇದನ್ನು ಬಿಡಿಸಿ ಹೇಳಿದ್ದರು. ಬೆಂಗಳೂರು ಶೇ. 54ರ ಆಸುಪಾಸಿಗೆ ನಿಂತಿತು. ಮುಂದಿನ ವರ್ಷ ಲೋಕಸಭೆಗೆ ಅದೇ ಆಯೋಗ ಅದೇ ಬೆಂಗಳೂರಿಗೆ ಕೊಟ್ಟಿದ್ದು ಶುಕ್ರವಾರ. ಮಾರನೇ ದಿನ ನಾಲ್ಕನೇ ಶನಿವಾರ, ಬ್ಯಾಂಕಿಗೂ ರಜೆ. ಬೆಂಗಳೂರು ದಕ್ಷಿಣದಲ್ಲಿ ಶೇ. 53.17 ಬಿತ್ತು. ಬುಧವಾರಕ್ಕೂ ಅಷ್ಟೇ, ಶುಕ್ರವಾರಕ್ಕೂ ಅಷ್ಟೇ. ಬೆಂಗಳೂರಿಗನಿಗೆ ವಾರದ ಎಲ್ಲ ದಿನವೂ ಒಂದೇ, ಆ ಮಟ್ಟಿಗೆ ಅವನು ಯೋಗಿ.

ಓಟು ಹಾಕಿ ಬೆರಳು ತೋರಿಸಿದವರಿಗೆ ನೃಪತುಂಗ ರಸ್ತೆಯ ಹೋಟೆಲೊಂದರಲ್ಲಿ ಬೆಣ್ಣೆ ದೋಸೆ, ತುಪ್ಪದನ್ನ, ಜ್ಯೂಸ್ ಪುಕ್ಕಟೆ. ಇದಕ್ಕೂ ಹೈಕೋರ್ಟ್‌ವರೆಗೆ ಹೋಗಿ ಒಪ್ಪಿಗೆ ತರಬೇಕಾಯಿತು. ಅಂದು ಮತಗಟ್ಟೆಗಿಂತ ಉದ್ದದ ಕ್ಯೂ ಹೋಟೆಲ್ ಮುಂದೆ, ಅದಕ್ಕಿಂತ ಉದ್ದದ ಕ್ಯೂ ಕ್ಯಾಮೆರಾಗಳದ್ದು. ದೋಸೆ ತಿಂದವರ ಸಂದರ್ಶನ ಆಯಿತು, ದೋಸೆ ಹುಯ್ದವರದ್ದೂ ಆಯಿತು. ಕೊನೆಗೆ ಲೆಕ್ಕ ನೋಡಿದರೆ ಬೆಂಗಳೂರು ದಕ್ಷಿಣ 2019ಕ್ಕಿಂತ ಅರ್ಧ ಪರ್ಸೆಂಟ್ ಇಳಿದಿತ್ತು. ದೋಸೆ ಆಡಳಿತ ವಿರೋಧಿಯೋ ಪರವೋ ಅಂತ ಯಾರೂ ಚರ್ಚಿಸಲಿಲ್ಲ, ಅದೊಂದು ಲೋಪ.

ರಾತ್ರಿ ಒಂಬತ್ತಕ್ಕೆ ‘ನಾಚಿಕೆಗೇಡು’ ಕಾರ್ಯಕ್ರಮ. ವಿದ್ಯಾವಂತರಿಗೆ ಜವಾಬ್ದಾರಿ ಇಲ್ಲ, ಐಟಿ ಮಂದಿಗೆ ನಾಡಿನ ಚಿಂತೆ ಇಲ್ಲ, ಎಲ್ಲರೂ ರೆಸಾರ್ಟ್‌ನಲ್ಲಿದ್ದಾರೆ. ಬೆಂಗಳೂರಿನ ಪಟ್ಟಿಯಲ್ಲಿ ಸತ್ತವರೂ ಇದ್ದಾರೆ, ಮನೆ ಬದಲಿಸಿ ಎರಡು ಕಡೆ ಹೆಸರಿಟ್ಟುಕೊಂಡವರೂ ಇದ್ದಾರೆ, ಹತ್ತು ವರ್ಷದ ಹಿಂದೆ ಊರು ಬಿಟ್ಟವರೂ ಇದ್ದಾರೆ. ಭಾಗಿಸುವ ಸಂಖ್ಯೆಯೇ ದಪ್ಪಗಿದ್ದರೆ ಶೇಕಡಾ ಸಣ್ಣಗಾಗುತ್ತದೆ. ಇದು ಏಳನೇ ಕ್ಲಾಸಿನ ಗಣಿತ. ಆದರೆ ಸತ್ತವರನ್ನು ಬೈದರೆ ಟಿಆರ್‌ಪಿ ಬರುವುದಿಲ್ಲ. ಹಾಗಂತ ಬದುಕಿರುವ ಸೋಮಾರಿಗಳೂ ಕಮ್ಮಿ ಏನಿಲ್ಲ ಬಿಡಿ.

ಅದೇ ದಿನ ಮಲೆ ಮಹದೇಶ್ವರ ಬೆಟ್ಟದ ಕಾಡಂಚಿನ ಇಂಡಿಗನತ್ತದಲ್ಲಿ ಜನ ಓಟು ಬಹಿಷ್ಕರಿಸಿದ್ದರು. ರಸ್ತೆಯಂಥ ಸೌಕರ್ಯ ಇಲ್ಲ ಅನ್ನುವುದು ಅವರ ದೂರು. ಗಲಾಟೆಯಾಗಿ ಮತಯಂತ್ರವೇ ಪುಡಿಯಾಯಿತು, ಮೂರು ದಿನ ಬಿಟ್ಟು ಮರುಮತದಾನ ನಡೆಯಿತು. ಯಂತ್ರ ಒಡೆದ ದೃಶ್ಯ ಎಲ್ಲ ಚಾನೆಲ್‌ಗಳಲ್ಲೂ ಓಡಿತು. ರಸ್ತೆಯ ದೃಶ್ಯ ತೋರಿಸೋಣ ಅಂದರೆ, ಅದು ಇರಲಿಲ್ಲವಲ್ಲ.

ಈಗ ಮತಗಟ್ಟೆಯ ಹೊರಗೆ ಬನ್ನಿ. ಮತದ ಗುಟ್ಟು ಕಾಯಲು ಕಾನೂನೇ ಇದೆ. ಪ್ರಜಾಪ್ರತಿನಿಧಿ ಕಾಯ್ದೆಯ 128ನೇ ಕಲಂ ಪ್ರಕಾರ ಸಿಬ್ಬಂದಿ ಗುಟ್ಟು ಬಿಟ್ಟುಕೊಟ್ಟರೆ ಮೂರು ತಿಂಗಳವರೆಗೆ ಜೈಲು. ಓಟು ಯಾರಿಗೆ ಬಿತ್ತು ಅಂತ ಮತದಾರನಿಗೆ ತೋರಿಸುವ ವಿವಿಪ್ಯಾಟ್ ಚೀಟಿ ಕೂಡ ಏಳೇ ಸೆಕೆಂಡ್ ಮುಖ ತೋರಿಸಿ ಪೆಟ್ಟಿಗೆಯೊಳಗೆ ಬೀಳುತ್ತದೆ. ಇಷ್ಟೆಲ್ಲ ಬಂದೋಬಸ್ತ್ ಮಾಡಿ ಕಾಪಾಡಿದ ಗುಟ್ಟು ಹೊತ್ತುಕೊಂಡು ಅಜ್ಜಿಯೊಬ್ಬರು ಗೇಟಿನಿಂದ ಹೊರಗೆ ಕಾಲಿಡುತ್ತಾರೆ. ಎದುರಿಗೆ ಮೈಕ್.

‘ಅಜ್ಜಿ, ಓಟು ಹಾಕಿದ್ರಾ?’

‘ಹಾಕ್ದೆ ಕಣಪ್ಪ.’

‘ಯಾರಿಗೆ ಹಾಕಿದ್ರಿ?’

‘ಅಲ್ಲೇ, ಆ ಡಬ್ಬಕ್ಕೆ.’

‘ಅಲ್ಲ ಅಜ್ಜಿ, ಏನು ನೋಡಿ ಹಾಕಿದ್ರಿ?’

‘ಕನ್ನಡ್ಕ ಮರ್ತು ಬಂದಿದ್ದೆ. ಮುಂದೆ ನಿಂತಿದ್ದ ಗೌರಮ್ಮುಂದು ಇಸ್ಕೊಂಡು ನೋಡಿ ಹಾಕ್ದೆ.’

ವರದಿಗಾರ ಕ್ಯಾಮೆರಾ ಕಡೆ ತಿರುಗುತ್ತಾನೆ. ‘ನೋಡಿದ್ರಲ್ಲ, ಈ ಭಾಗದ ಮಹಿಳಾ ಮತದಾರರು ಬಹಳ ಸ್ಪಷ್ಟವಾಗಿದ್ದಾರೆ!’ ಸ್ಟುಡಿಯೋದಲ್ಲಿ ಎರಡನೇ ಚೌಕದವರಿಗೆ ಖುಷಿಯೋ ಖುಷಿ. ಗ್ಯಾರಂಟಿ ಕೆಲಸ ಮಾಡಿದೆ ಅಂತ ಒಬ್ಬರು, ದೇಶಪ್ರೇಮ ಕೆಲಸ ಮಾಡಿದೆ ಅಂತ ಇನ್ನೊಬ್ಬರು. ಗೌರಮ್ಮನ ಕನ್ನಡಕ ಕೆಲಸ ಮಾಡಿದ್ದನ್ನು ಯಾರೂ ಗಮನಿಸಲಿಲ್ಲ.

ಅಜ್ಜಿ ಸಿಗದಿದ್ದರೆ ಮದುಮಕ್ಕಳು ಸಿಗುತ್ತಾರೆ. ಬಾಸಿಂಗ, ಹಾರ ಸಮೇತ ಮಂಟಪದಿಂದ ನೇರವಾಗಿ ಬೂತಿಗೆ. ಪ್ರತಿ ಚುನಾವಣೆಗೂ ಈ ಜೋಡಿ ಇರಲೇಬೇಕು. ತಾಳಿ ಕಟ್ಟಿ ಓಟು ಹಾಕಿದರೋ, ಓಟು ಹಾಕಿ ತಾಳಿ ಕಟ್ಟಿದರೋ ಅನ್ನುವುದಷ್ಟೇ ಬದಲಾಗುವುದು.

ಸಂಜೆ ಆರು ದಾಟಿದ ಮೇಲೆ ಲೆಕ್ಕ ಕಾರ್ಯಕರ್ತರ ಕೈಗೆ ಬರುತ್ತದೆ. ಪಟ್ಟಿ ಬಿಡಿಸಿಕೊಂಡು, ‘ಇವ್ರು ನಮ್ಮೋರು, ಇವ್ರೂ ನಮ್ಮೋರು, ಇವ್ರು ದುಡ್ಡು ಇಸ್ಕೊಂಡಿದ್ದಾರೆ ಆದ್ರೂ ನಮ್ಮೋರು’ ಅಂತ ಟಿಕ್ ಹಾಕುತ್ತಾರೆ. ಬೂತಿನಲ್ಲಿ 900 ಓಟು ಬಿದ್ದಿದ್ದರೆ ಮೂರೂ ಪಕ್ಷದ ಹುಡುಗರ ಲೆಕ್ಕ ಕೂಡಿದಾಗ ಸಲೀಸಾಗಿ 1,500 ದಾಟುತ್ತದೆ. ಆ ಜಾತಿ ಪೂರ್ತಿ ಇತ್ತ, ಈ ಜಾತಿ ಅರ್ಧ ಅತ್ತ, ಹೆಂಗಸರು ಮುಕ್ಕಾಲು ಪಾಲು ನಮಗೆ. ಜಾತಿಗೆ ಜಾತಿಯನ್ನೇ ಕಿಲೋ ಲೆಕ್ಕದಲ್ಲಿ ತೂಗಿ ಹಂಚುತ್ತಾರೆ. ಮನೆಯಲ್ಲಿ ಹೆಂಡತಿ ಯಾರಿಗೆ ಹಾಕಿದಳು ಅಂತ ಮಾತ್ರ ಇವರಿಗೇ ಗೊತ್ತಿಲ್ಲ.

ವಿಧಾನಸಭೆಗಾದರೆ ಈ ಸಂಕಟ ಬೇಗ ಮುಗಿಯುತ್ತದೆ. 2023ರಲ್ಲಿ ಮೇ 10ಕ್ಕೆ ಓಟು, 13ಕ್ಕೆ ಎಣಿಕೆ. 2024ರಲ್ಲಿ ಏಪ್ರಿಲ್ 26ಕ್ಕೆ ಓಟು ಹಾಕಿದವರು ಜೂನ್ 4ರವರೆಗೆ ಕಾಯಬೇಕಿತ್ತು. 39 ದಿನ! ಚಾನೆಲ್ ನಡೆಸುವವರ ಕಷ್ಟ ಯೋಚಿಸಿ. ಹೊಸ ಅಂಕಿ ಇಲ್ಲ. ಕೊನೆ ಹಂತ ಮುಗಿದು ಅರ್ಧ ಗಂಟೆ ಆಗುವವರೆಗೆ ಮತಗಟ್ಟೆ ಸಮೀಕ್ಷೆ ತೋರಿಸುವಂತಿಲ್ಲ, 126ಎ ಕಲಂ ಅಡ್ಡ. ಆಗ ಕೈ ಹಿಡಿಯುವುದು ಆಂತರಿಕ ಸಮೀಕ್ಷೆ, ಗುಪ್ತಚರ ವರದಿ ಮತ್ತು ‘ಬಲ್ಲ ಮೂಲಗಳು’. ಅವು ಒಣಗಿದರೆ ಜ್ಯೋತಿಷಿಗಳು. ಅವರೂ ಬೋರಾದರೆ ಬೆಟ್ಟಿಂಗ್ ಸುದ್ದಿ: ಇಂಥ ಹಳ್ಳಿಯಲ್ಲಿ ಟಗರು ಪಣಕ್ಕೆ, ಇಂಥ ಕಡೆ ಬೈಕು ಪಣಕ್ಕೆ, ಇನ್ನೊಂದು ಕಡೆ ಜಮೀನೇ ಪಣಕ್ಕೆ. ನನ್ನ ಪ್ರಕಾರ ಇಡೀ ವ್ಯವಸ್ಥೆಯಲ್ಲಿ ತನ್ನ ಮಾತಿಗೆ ಟಗರು ಕಟ್ಟಿದವನೊಬ್ಬನೇ ಪ್ರಾಮಾಣಿಕ. ವಿಶ್ಲೇಷಕರಿಗೂ ತಲಾ ಒಂದೊಂದು ಟಗರು ಕಟ್ಟಿಸಿದ್ದರೆ ಅಂಡರ್ ಕರೆಂಟ್ ಎಷ್ಟೋ ಇಳಿಯುತ್ತಿತ್ತು.

ಆ ಸಲ ಶೇಕಡಾವಾರೇ ಒಂದು ಧಾರಾವಾಹಿಯಾಯಿತು. ಏಪ್ರಿಲ್ 19ರ ಮೊದಲ ಹಂತದ ಅಂತಿಮ ಅಂಕಿ ಏಪ್ರಿಲ್ 30ಕ್ಕೆ ಹೊರಬಿತ್ತು. ಮೊದಲು ಹೇಳಿದ್ದಕ್ಕಿಂತ ಏರಿದ್ದು ಯಾಕೆ ಅಂತ ಗದ್ದಲ, ಸುಪ್ರೀಂ ಕೋರ್ಟ್‌ನಲ್ಲಿ ಅರ್ಜಿ, ಮಧ್ಯಂತರ ಆದೇಶಕ್ಕೆ ಕೋರ್ಟ್ ನಕಾರ, ಮಾರನೇ ದಿನ ಆಯೋಗವೇ ತಲೆಲೆಕ್ಕ ಪ್ರಕಟಿಸಿದ್ದು, ಎಲ್ಲ ಆಯಿತು. ಪ್ರತಿ ಬೂತಿನಲ್ಲೂ ಎಷ್ಟು ಓಟು ಬಿತ್ತು ಅಂತ 17ಸಿ ನಮೂನೆಯಲ್ಲಿ ಬರೆದು ಅವತ್ತು ಸಂಜೆಯೇ ಏಜೆಂಟರ ಕೈಗೆ ಕೊಡುತ್ತಾರೆ. ಮೊದಲ ಹಂತದ ಬೂತುಗಳಲ್ಲಿ ಹೀಗೆ ಬರೆದಿಟ್ಟ ಲೆಕ್ಕವನ್ನು ಕೂಡಿ ಹೇಳಲು ಹನ್ನೊಂದು ದಿನ. ಬರೆಯದ, ಕೇಳದ, ಕಾಣದ ಓಟಿನ ದಿಕ್ಕು ಹೇಳಲು ಸ್ಟುಡಿಯೋಗೆ ಹನ್ನೊಂದು ನಿಮಿಷ.

ಕೊನೆಗೂ ಜೂನ್ 1ರ ಸಂಜೆ ಬಂತು. ಸಮೀಕ್ಷೆಗಳ ಸುರಿಮಳೆ. ಎನ್‌ಡಿಎಗೆ ಹೆಚ್ಚಿನವರು 350 ದಾಟಿಸಿದರು, ಕೆಲವರು 400ನ್ನೂ ಮುಟ್ಟಿಸಿದರು. ಜೂನ್ 4ಕ್ಕೆ ಬಂದಿದ್ದು 293. ಸಮೀಕ್ಷೆ ನಡೆಸಿದ್ದ ಒಬ್ಬರು ನೇರಪ್ರಸಾರದಲ್ಲೇ ಕಣ್ಣೀರಿಟ್ಟರು. ನಮ್ಮ ನಾಲ್ಕು ಚೌಕದವರು ಯಾರೂ ಅಳಲಿಲ್ಲ. ಹತ್ತೂವರೆ ಹೊತ್ತಿಗೆ ಸಾವರಿಸಿಕೊಂಡು, ‘ನಾವು ಮೊದಲಿಂದ ಹೇಳ್ತಾನೇ ಇದ್ವಿ’ ಅಂದರು. ಓಟು ಕಮ್ಮಿ ಬಿದ್ದಾಗಲೇ ಗೊತ್ತಾಗಿತ್ತಂತೆ. ಓಟು ಜಾಸ್ತಿ ಬಿದ್ದ ಕಡೆಯೂ ಗೊತ್ತಾಗಿತ್ತಂತೆ.

ಐದು ತಿಂಗಳಿಗೆ ಚನ್ನಪಟ್ಟಣ, ಶಿಗ್ಗಾವಿ, ಸಂಡೂರು ಉಪಚುನಾವಣೆ. ನವೆಂಬರ್ 13ರಂದು ಚನ್ನಪಟ್ಟಣದಲ್ಲಿ ಶೇ. 88 ದಾಟಿ ಓಟು ಬಿತ್ತು. ಅದೇ ಚೌಕಗಳು ಮತ್ತೆ ತೆರೆದವು. ಇಷ್ಟು ಜನ ಬಂದಿದ್ದಾರೆ ಅಂದ್ರೆ ಅನುಕಂಪ ಅಂತ ಒಬ್ಬರು, ಆಕ್ರೋಶ ಅಂತ ಇನ್ನೊಬ್ಬರು. ಅಂಡರ್ ಕರೆಂಟ್‌ನವರು ಈ ಸಲ ಹೊಸ ಕೋಟು ಹಾಕಿದ್ದರು. ನಿರೂಪಕರು ಎಲ್ಲರನ್ನೂ ತಡೆದು ಕೈ ಎತ್ತಿದರು: ‘ಬಂದವರ ವಿಷಯ ಸರಿ ಸಾರ್, ಬರದೇ ಉಳಿದ ಹನ್ನೊಂದು ಪರ್ಸೆಂಟ್ ಯಾರ ಓಟು? ಬ್ರೇಕ್ ಆದ ಮೇಲೆ ನೋಡೋಣ.’