ಒಂದೇ ನಕ್ಷೆ ಸಾಲದು

ಮಧ್ಯಯುಗದ ಕೊನೆಯ ಯುರೋಪನ್ನು ನಕ್ಷೆ, ಕಾಲರೇಖೆ ಇಟ್ಟುಕೊಂಡೇ ಓದಬೇಕು ಅಂತ ಒಂದು ಲೇಖನದಲ್ಲಿ ಓದಿದೆ; ಆ ಮಾತು ಪೂರ್ತಿ ಒಪ್ಪುತ್ತೇನೆ. ಆದರೆ ಒಂದೇ ನಕ್ಷೆ ಸಾಲದು.

ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ನೂರು ವರ್ಷಗಳ ಯುದ್ಧವನ್ನೇ (1337–1453) ತೆಗೆದುಕೊಳ್ಳಿ. ಕ್ರೆಸಿ, ಪ್ವಾತಿಯೆ, ಅಜಿನ್‌ಕೋರ್ಟ್ ಕಾಳಗಗಳೆಲ್ಲದರಲ್ಲೂ ಗೆದ್ದ ಇಂಗ್ಲೆಂಡ್ ಕೊನೆಗೆ ಸೋತದ್ದು ಹೇಗೆ ಅನ್ನುವುದು ನನಗೆ ಎಷ್ಟೋ ವರ್ಷ ತಲೆಗೆ ಹತ್ತಿರಲಿಲ್ಲ. ಮಗಳಿಗೆ ಹೇಳಿಕೊಡಲು ಕೂತಾಗ ಫ್ರಾನ್ಸಿನ ನಕ್ಷೆಯ ಮೇಲೆ ನಾಲ್ಕು ಟ್ರೇಸಿಂಗ್ ಹಾಳೆ ಇಟ್ಟೆವು: 1360, 1380, 1429, 1453. ಇಂಗ್ಲಿಷರ ಕೈಲಿದ್ದ ಜಾಗಕ್ಕೆ ಕೆಂಪು ಪೆನ್ಸಿಲ್. ಮೊದಲ ಹಾಳೆಯಲ್ಲಿ ನೈಋತ್ಯ ಭಾಗವೆಲ್ಲ ಕೆಂಪು. ಎರಡನೆಯದರಲ್ಲಿ ಬೋರ್ಡೋ ಸುತ್ತಮುತ್ತ ಮತ್ತು ಕರಾವಳಿಯ ಕೆಲವು ತುಣುಕು. ಮೂರನೆಯದರಲ್ಲಿ ಪ್ಯಾರಿಸ್ ಸೇರಿ ಉತ್ತರವೂ ಕೆಂಪಾಯಿತು. ಕೆಂಪು ಉತ್ತರಕ್ಕೂ ಫ್ರೆಂಚ್ ರಾಜನ ದಕ್ಷಿಣಕ್ಕೂ ನಡುವೆ ಹರಿಯುವ ಲುವಾರ್ ನದಿಯ ದಡದ ಓರ್ಲಿಯನ್ಸ್ ಪಟ್ಟಣಕ್ಕಾಗಿ ಅಷ್ಟು ಹೋರಾಟ ಯಾಕೆ, ಫ್ರಾನ್ಸಿನ ಪರ ಹೋರಾಡಿದ ಹಳ್ಳಿ ಹುಡುಗಿ ಜೋನ್ ಆಫ್ ಆರ್ಕ್ ಅಲ್ಲಿಗೇ ಯಾಕೆ ಹೋದಳು ಅನ್ನುವುದು ಹಾಳೆ ನೋಡಿದರೇ ತಿಳಿಯುತ್ತದೆ. ಕೊನೆಯದರಲ್ಲಿ ಉತ್ತರ ಕರಾವಳಿಯ ಕ್ಯಾಲೆ ಬಂದರು ಅನ್ನುವ ಒಂದು ಚುಕ್ಕೆ. "ಅಪ್ಪಾ, ಇಷ್ಟೊಂದು ಕೆಂಪು ಎಲ್ಲಿ ಹೋಯ್ತು?" ಅಂದಳು. ಅಲ್ಲಿಂದ ಪಾಠ ತಾನಾಗಿಯೇ ನಡೆಯಿತು.

ಒಂದು ಸಲಹೆ: ಫ್ರಾನ್ಸಿನ ಪೂರ್ವದ ಪ್ರಬಲ ಸಂಸ್ಥಾನ ಬರ್ಗಂಡಿಗೆ ಬೇರೆಯೇ ಬಣ್ಣ ಕೊಡಿ. ಅದು 1435ರಲ್ಲಿ ಇಂಗ್ಲೆಂಡಿನ ಸಖ್ಯ ಬಿಟ್ಟು ಫ್ರಾನ್ಸಿನ ರಾಜನ ಜೊತೆ ರಾಜಿಯಾದದ್ದು ಗೊತ್ತಿಲ್ಲದಿದ್ದರೆ ಕೊನೆಯ ಹಾಳೆ ಅರ್ಥವೇ ಆಗುವುದಿಲ್ಲ.

ಕಾಲರೇಖೆಯಲ್ಲಿ ಯುದ್ಧದ ಕೆಳಗೆ ಪ್ಲೇಗಿಗೂ ಒಂದು ಗೆರೆ ಇರಲಿ. 1346ರ ಕ್ರೆಸಿಗೂ 1356ರ ಪ್ವಾತಿಯೆಗೂ ನಡುವೆ ಅದು ಕೂತಿರುವುದು ಕಣ್ಣಿಗೆ ಬೀಳುತ್ತದೆ. ಮತ್ತೆ 1453ರ ಹತ್ತಿರ ಬನ್ನಿ: ಮೇ 29ಕ್ಕೆ ಬೈಜಾಂಟಿಯನ್ ರಾಜಧಾನಿ ಕಾನ್‌ಸ್ಟಾಂಟಿನೋಪಲ್ ಒಟ್ಟೋಮನ್ ತುರ್ಕರ ಕೈಗೆ ಬಿತ್ತು, ಜುಲೈ 17ಕ್ಕೆ ನೂರು ವರ್ಷಗಳ ಯುದ್ಧದ ಕೊನೆಯ ಕಾಸ್ಟಿಯೋಂ ಕಾಳಗ. ನಡುವೆ ಇರುವುದು ಬರೀ ಏಳು ವಾರ!