ಚೀಟಿ ಇಡಿ ಅಂದ್ರೆ ಅವಮಾನ ಯಾಕೆ?

ನಂಗೆ ಹಳೇ ಫಿಲ್ಮ್ ಕ್ಯಾಮೆರಾ, ಲೆನ್ಸ್ ಹುಚ್ಚು. ನಾಡು ಬಿಟ್ಟು ಬಂದು ತುಂಬಾ ವರ್ಷ ಆಯ್ತು, ಈ ಹುಚ್ಚಿಗೋಸ್ಕರ ಆನ್‌ಲೈನಲ್ಲಿ ಎರಡು ಗುಂಪಲ್ಲಿದೀನಿ. ಒಂದು ನಮ್ಮ ಹೊರನಾಡ ಕನ್ನಡಿಗರದ್ದು, ಸಣ್ಣದು. ಇನ್ನೊಂದು ಇಂಗ್ಲಿಷಿಂದು, ಯಾರು ಎಲ್ಲಿಯವ್ರು ಅಂತ ಗೊತ್ತಾಗದ ದೊಡ್ಡ ಸಂತೆ. ಎರಡರಲ್ಲೂ ಮಾರೋದು ಕೊಳ್ಳೋದು ನಡೀತದೆ, ಆದ್ರೆ ಹೊಸಬ್ರನ್ನ ನಡೆಸ್ಕೊಳ್ಳೋ ರೀತೀಲಿ ಅಜಗಜಾಂತರ.

ಇಂಗ್ಲಿಷ್ ಗುಂಪಲ್ಲಿ ಮೊದಲ್ನೇ ಸಲ ಒಂದು ಲೆನ್ಸ್ ಮಾರಕ್ಕೆ ಹಾಕಿದಾಗ ಹತ್ತೇ ನಿಮಿಷಕ್ಕೆ ಗುಂಪು ನಡೆಸೋರು ಪೋಸ್ಟ್ ತೆಗೆದುಬಿಟ್ರು. ಯಾಕೆ ಅಂದ್ರೆ ಫೋಟೋದಲ್ಲಿ ಟೈಮ್‌ಸ್ಟ್ಯಾಂಪ್ ಇಲ್ವಂತೆ. ಅಂದ್ರೆ ಒಂದು ಚೀಟೀಲಿ ನಮ್ಮ ಯೂಸರ್‌ನೇಮು, ಇವತ್ತಿನ ತಾರೀಖು ಕೈಯಲ್ಲೇ ಬರೆದು, ವಸ್ತು ಪಕ್ಕ ಇಟ್ಟು ಫೋಟೋ ತೆಗೀಬೇಕು. ನಂಗೆ ಉರಿದುಹೋಯ್ತು, ನಾನೇನು ಕಳ್ಳನಾ ಅಂತ. ಆಮೇಲೆ ಅರ್ಥ ಆಯ್ತು, ಮೋಸ ಮಾಡೋರು ಬೇರೆಯವ್ರ ಹಳೇ ಜಾಹೀರಾತಿನ ಫೋಟೋ ಎತ್ಕೊಂಡು ತಮ್ಮ ಹತ್ರ ಇಲ್ದೇ ಇರೋದನ್ನೇ ಮಾರ್ತಾರೆ, ಆ ಚೀಟಿ ಇದ್ರೆ ವಸ್ತು ಇವತ್ತು ಇವ್ನ ಕೈಯಲ್ಲಿದೆ ಅಂತಾದ್ರೂ ಗೊತ್ತಾಗತ್ತೆ. ರೆಡ್ಡಿಟ್‌ನಲ್ಲಿ ಕೀಬೋರ್ಡ್ ಹುಚ್ಚರು ಮಾರೋ ಕೊಳ್ಳೋ ಮೆಕ್‌ಮಾರ್ಕೆಟ್ ಅನ್ನೋ ಗುಂಪಲ್ಲೂ ಇದೇ ರೂಲು, ಹಳಬರಿಗೂ ಬಿಡಲ್ಲ.

ನಮ್ಮ ಗುಂಪಲ್ಲಿ ಇದ್ಯಾವ್ದೂ ಇಲ್ಲ. "ಒಳ್ಳೇ ಕಂಡೀಷನ್, ಬೇಕಾದ್ರೆ ಮೆಸೇಜ್ ಮಾಡಿ" ಅಂದ್ರೆ ಮುಗೀತು, ರೇಟು ಕೂಡ ಹಾಕಲ್ಲ. ಹಾಗೇ ನಂಬಿ ನಾನು ಒಬ್ಬ ಹಿರಿಯರ ಹತ್ರ ಐವತ್ತು ಎಂಎಂ ಲೆನ್ಸ್ ತಗೊಂಡೆ. ಮನೆಗೆ ಬಂದ್ಮೇಲೆ ಅಪರ್ಚರ್, ಅಂದ್ರೆ ಬೆಳಕು ಒಳಗೆ ಬಿಡೋ ಕಿಂಡಿ, ಪೂರ್ತಿ ತೆರೆದು ಹಿಂದಿಂದ ಟಾರ್ಚ್ ಬಿಟ್ಟು ನೋಡ್ತೀನಿ, ಒಳಗಿನ ಗಾಜಿನ ಅಂಚಲ್ಲಿ ಜೇಡರ ಬಲೆ ಥರ ಸಣ್ಣ ಸಣ್ಣ ಎಳೆ, ಫಂಗಸ್ಸು. ಅಪರ್ಚರ್ ಬ್ಲೇಡ್ ಮೇಲೆ ಎಣ್ಣೆ ಬೇರೆ. ಕೇಳಿದ್ನಾ? ಇಲ್ಲ. ಯುಗಾದಿಗೆ ಶುಭಾಶಯ ಕಳ್ಸೋ ಮನುಷ್ಯ, ಹೇಗೆ ಕೇಳೋದು? ಅವ್ರಿಗೂ ಗೊತ್ತಿತ್ತೋ ಇಲ್ವೋ, ಇವತ್ತಿಗೂ ನಂಗೆ ಗೊತ್ತಿಲ್ಲ, ಅದೇ ದೊಡ್ಡ ತಲೆನೋವು.

ಹೀಗೆ ಕೇಳ್ದೇ ಇರೋದನ್ನ ನಾವು ನಂಬಿಕೆ ಅಂತೀವಿ, ಮುಕ್ಕಾಲು ಪಾಲು ಅದು ದಾಕ್ಷಿಣ್ಯ ಅಷ್ಟೇ. ಟಾರ್ಚ್ ಹಾಕಿ ಫೋಟೋ ಕಳ್ಸಿ ಅಂತ ನಾನಾಗೇ ಕೇಳಿದ್ರೆ ಅನುಮಾನ ಪಟ್ಟಂಗೆ, ಅದನ್ನೇ ಗುಂಪಿನ ರೂಲು ಕೇಳಿದ್ರೆ ಯಾರ ಮುಖಾನೂ ಕೆಡಲ್ಲ. ಜಾರ್ಜ್ ಅಕರ್ಲಾಫ್ ಅಂತ ಅರ್ಥಶಾಸ್ತ್ರಜ್ಞ 1970ರಲ್ಲೇ ಹಳೇ ಕಾರುಗಳ ಉದಾಹರಣೆ ಕೊಟ್ಟು ಬರೆದಿದ್ರು, ಮಾರೋನಿಗೆ ಗೊತ್ತಿರೋ ದೋಷ ಕೊಳ್ಳೋನಿಗೆ ಗೊತ್ತಾಗ್ದೇ ಇದ್ರೆ ಒಳ್ಳೇ ಮಾಲು ಇರೋರೇ ಸಂತೆ ಬಿಟ್ಟು ಹೋಗ್ತಾರೆ ಅಂತ. 2001ರಲ್ಲಿ ನೊಬೆಲ್ ಬಂತು ಅವ್ರಿಗೆ. ಲೆನ್ಸಿಗೂ ಅದೇ ಕಥೆ.

ದುಡ್ಡಿನ ವಿಷ್ಯದಲ್ಲೂ ಹಾಗೇನೆ. ಆನ್‌ಲೈನಲ್ಲಿ ದುಡ್ಡು ಕಳ್ಸೋ ಪೇಪಾಲ್‌ನಲ್ಲಿ ಗೂಡ್ಸ್ ಅಂಡ್ ಸರ್ವೀಸಸ್ ಅಂತ ಕಳ್ಸಿದ್ರೆ ತಕರಾರು ಎತ್ತಕ್ಕೆ 180 ದಿನ ಟೈಮ್ ಇರತ್ತೆ, ಫ್ರೆಂಡ್ಸ್ ಅಂಡ್ ಫ್ಯಾಮಿಲಿ ಅಂತ ಕಳ್ಸಿದ್ರೆ ಆ ರಕ್ಷಣೆ ಇಲ್ಲ. ಹೊಸಬ ಒಬ್ಬ ಕಮಿಷನ್ ಉಳಿಸೋಣ, ಫ್ರೆಂಡ್ಸ್‌ನಲ್ಲೇ ಹಾಕಿ ಅಂದ್ರೆ ನಾನಂತೂ ಅಲ್ಲಿಗೇ ಮಾತು ನಿಲ್ಲಿಸ್ತೀನಿ.

ಹಂಗಂತ ಇಂಗ್ಲಿಷ್ ಗುಂಪಿನ ಎಲ್ಲಾ ರೂಲೂ ಸರಿ ಅಂತಲ್ಲ. ಇಷ್ಟು ಪೋಸ್ಟ್ ಹಾಕಿದ್ಮೇಲೇ ಮಾರ್ಬೋದು ಅನ್ನೋದು ಶುದ್ಧ ತಲೆಹರಟೆ. ಅದ್ರಿಂದ ಆಗೋದೇನು ಅಂದ್ರೆ ಹೊಸಬ್ರು "ಸೂಪರ್", "ಚೆನ್ನಾಗಿದೆ" ಅಂತ ಎಲ್ಲರ ಫೋಟೋ ಕೆಳಗೂ ಗೀಚಿ ಲೆಕ್ಕ ತುಂಬಿಸ್ತಾರೆ, ಜಾಸ್ತಿ ಮಾತಾಡೋನು ಪ್ರಾಮಾಣಿಕ ಅಂತ ಯಾರು ಹೇಳಿದ್ದು? ರೇಟಿಂಗೂ ಪೂರ್ತಿ ನಂಬೋ ಹಂಗಿಲ್ಲ. ಈಬೇ ಅನ್ನೋ ಆನ್‌ಲೈನ್ ಸಂತೇಲಿ ಕೊಂಡವ್ರು ಕೆಟ್ಟದು ಬರೆದ್ರೆ ಮಾರಿದವ್ರು ತಿರುಗಿಸಿ ಕೆಟ್ಟದು ಬರೀತಿದ್ರು, ಅದಕ್ಕೇ 2008ರಲ್ಲಿ ಕೊಂಡವ್ರ ಮೇಲೆ ನೆಗೆಟಿವ್ ಹಾಕೋ ಅವಕಾಶಾನೇ ಮಾರೋರಿಂದ ತೆಗೆದ್ರು. ನಮ್ಮಲ್ಲಿ ದಾಕ್ಷಿಣ್ಯ, ಅಲ್ಲಿ ಭಯ, ಎರಡರಲ್ಲೂ ನಿಜ ಹೊರಗೆ ಬರಲ್ಲ.

ಹೋದ ತಿಂಗಳು ನಮ್ಮ ಗುಂಪಲ್ಲೇ ಒಂದು ಲೆನ್ಸ್ ಮಾರಕ್ಕೆ ಹಾಕಿದೆ, ಯಾರೂ ಕೇಳ್ದೇನೇ ಚೀಟಿ ಇಟ್ಟು, ಟಾರ್ಚ್ ಫೋಟೋ, ರೇಟು, ಲೆನ್ಸ್ ಮುಂದಿನ ಫಿಲ್ಟರ್ ರಿಮ್ಮಿನ ತಗ್ಗು ಎಲ್ಲಾ ತೋರ್ಸಿ. "ಏನ್ ಸಾರ್, ಕೋರ್ಟಿಗೆ ದಾಖಲೆ ಕೊಡ್ತಿದೀರಾ?" ಅಂತ ನಕ್ಕರು. ರಾತ್ರಿ ಒಬ್ಬ ಹೊಸ ಹುಡುಗ ಪರ್ಸನಲ್ ಆಗಿ ಮೆಸೇಜ್ ಮಾಡ್ದ, ಬೇರೆಯವ್ರ ಹತ್ರ ಒಂದು ಕ್ಯಾಮೆರಾ ನೋಡಿದೀನಿ, ಇದೇ ಥರ ಫೋಟೋ ನೀವು ಕೇಳಿ ಕೊಡ್ತೀರಾ ಅಂತ. ಗುಂಪಲ್ಲಿ ನೀನೇ ಕೇಳಪ್ಪ ಅಂದೆ.

"ಬೇಡ ಅಣ್ಣ, ಅವ್ರು ದೊಡ್ಡವ್ರು."